ಕಾಡು ಬಿಟ್ಟು ಬಂದ ರೇಂಜರ್

ಮಲೆನಾಡಿನವರಿಗೆ ರೇಂಜರ್ ಎಂದರೆ ಖಾಕಿ, ಜೀಪು, ಮರ ಕಡಿದ ಕೇಸು. ಅಮೆರಿಕದ ಫಿಲಡೆಲ್ಫಿಯಾ ನಗರದ ಇಂಡಿಪೆಂಡೆನ್ಸ್ ಹಾಲ್‌ನಲ್ಲೂ ರೇಂಜರ್ ಇದ್ದಾರೆ. ಸುತ್ತ ಕಾಡಿಲ್ಲ, ಇರುವುದು ಕೆಂಪು ಇಟ್ಟಿಗೆಯ ಹಳೆಯ ಕಟ್ಟಡ. ನೋಡಲು ಬಂದ ಮಕ್ಕಳು ಒಂದು ಪುಸ್ತಿಕೆಯ ಚಟುವಟಿಕೆ ಮುಗಿಸಿಕೊಟ್ಟರೆ ಅವರೂ 'ಜೂನಿಯರ್ ರೇಂಜರ್'. ಕಾಡು ಕಾಯುವವನ ಹೆಸರು ಪೇಟೆಯ ನಡುವಿಗೆ ಬಂದದ್ದು ಹೇಗೆ?

ಬೇರು ಹುಡುಕುತ್ತಾ ಹೋದರೆ ಹಳೆಯ ಜರ್ಮಾನಿಕ್ ಭಾಷೆಯ 'ಹ್ರಿಂಗ್' ಸಿಗುತ್ತದೆ. ಬಳೆ, ವರ್ತುಲ ಎಂದು ಅರ್ಥ. ಹಳೆಯ ಫ್ರೆಂಚಿನಲ್ಲಿ ಅದೇ 'ರೆಂಗ್' ಆಗಿ ಸಾಲು ಎಂಬ ಅರ್ಥ ತಳೆಯಿತು. 'ರ್‍ಯಾಂಕ್' ಕೂಡ ಇದೇ ಮನೆತನದ್ದು. ಇಂಗ್ಲಿಷಿನ 'ರೇಂಜ್' ಸಾಲಿನ ಜೊತೆಗೆ ಸುತ್ತಾಟವನ್ನೂ ಸೂಚಿಸತೊಡಗಿತು. ನಮ್ಮ ಅರಣ್ಯ ಇಲಾಖೆಯ ಕನ್ನಡದಲ್ಲಿ ರೇಂಜ್ 'ವಲಯ', ರೇಂಜರ್ 'ವಲಯ ಅರಣ್ಯಾಧಿಕಾರಿ'. ಸಂಸ್ಕೃತದಲ್ಲಿ ವಲಯವೂ ಬಳೆಯೇ! ಬೇರು ನೋಡಿ ಅನುವಾದಿಸಿರಲಾರರು, ಆದರೂ ಸರಿಯಾಗಿ ಬೇರಿಗೇ ತಾಗಿದೆ.

14ನೇ ಶತಮಾನದ ಇಂಗ್ಲೆಂಡಿನಲ್ಲಿ ರೇಂಜರ್ ರಾಜನ ಅರಣ್ಯದ ನೌಕರ. ಅಲ್ಲಿ ಅರಣ್ಯ ಎಂದರೆ ಮರ ದಟ್ಟವಾಗಿರುವ ಜಾಗ ಎಂದೇನಲ್ಲ, ರಾಜನ ಬೇಟೆಗೆ ಮೀಸಲಾದ ನೆಲ. ಅಂಚಿನ ಜಮೀನಿಗೆ ದಾಟಿಹೋದ ಜಿಂಕೆಗಳನ್ನು ಮತ್ತೆ ಒಳಕ್ಕೆ ಅಟ್ಟುವುದು ರೇಂಜರನ ಕೆಲಸ. ಜಿಂಕೆಯ ಮೇಲಿನ ಅಕ್ಕರೆಯಿಂದಲ್ಲ, ಅದು ರಾಜನ ಸೊತ್ತು ಎಂಬ ಕಾರಣಕ್ಕೆ. ಮುಂದೆ ಹುದ್ದೆಯೇ ಗೌರವದ ಬಿರುದಾಯಿತು: ರಾಜಕುಮಾರ ಫಿಲಿಪ್ 1952ರಿಂದ 2021ರಲ್ಲಿ ತೀರಿಕೊಳ್ಳುವವರೆಗೂ ವಿಂಡ್ಸರ್ ಗ್ರೇಟ್ ಪಾರ್ಕಿನ ರೇಂಜರ್.

ಕಡಲು ದಾಟಿ ಅಮೆರಿಕಕ್ಕೆ ಹೋದ ಪದ ಬಂದೂಕು ಹಿಡಿಯಿತು. 1750ರ ದಶಕದಲ್ಲಿ ರಾಬರ್ಟ್ ರಾಜರ್ಸ್‌ನ ರೇಂಜರ್ ಪಡೆ, 1823ರ ಬಳಿಕ ಟೆಕ್ಸಾಸ್ ರೇಂಜರ್‌ಗಳು. ಸುತ್ತುವ, ಅಟ್ಟುವ ಕೆಲಸ ಹಾಗೇ ಉಳಿಯಿತು. ಈ ಸಲ ಅಟ್ಟಿಸಿಕೊಂಡವರು ಅಲ್ಲಿನ ಮೂಲನಿವಾಸಿಗಳು. ಈ ಅಧ್ಯಾಯವನ್ನು ಹಾರಿಸಿ ಇಂದಿನ ರೇಂಜರನ ಟೋಪಿ, ಮುಗುಳ್ನಗೆಗೆ ಬರುವುದು ಸುಲಭ, ಆದರೆ ಅದು ಪದಕ್ಕೆ ಮಾಡುವ ಅನ್ಯಾಯ.

1880ರಲ್ಲಿ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಪ್ರಾಣಿಗಳನ್ನು ಕಾಯಲು ಹ್ಯಾರಿ ಯೌಂಟ್ ಎಂಬ ಬೇಟೆಗಾರ ನೇಮಕಗೊಂಡ. ಇಷ್ಟು ದೊಡ್ಡ ಕಾಡಿಗೆ ಒಬ್ಬ ಸಾಲದು, ಒಂದು ಪಡೆಯೇ ಬೇಕು ಎಂದು ಬರೆದಿಟ್ಟು ಹೊರಟುಹೋದ. ಪಾರ್ಕ್ ರೇಂಜರ್‌ಗಳು ಅವನನ್ನೇ ತಮ್ಮ ಹಿರಿಯನೆಂದು ಲೆಕ್ಕ ಹಾಕುತ್ತಾರೆ. 1916ರಲ್ಲಿ ನ್ಯಾಷನಲ್ ಪಾರ್ಕ್ ಸರ್ವೀಸ್ ಹುಟ್ಟಿತು. ಪಾರ್ಕ್ ರೇಂಜರ್ ಕಾಡಿನಿಂದ ಹೊರಬಿದ್ದದ್ದು ಮಾತ್ರ 1933ರಲ್ಲಿ, ಅದೂ ಒಂದು ಸರ್ಕಾರಿ ಆದೇಶದಿಂದ. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಯುದ್ಧ ಇಲಾಖೆಯ ವಶದಲ್ಲಿದ್ದ ಗೆಟಿಸ್‌ಬರ್ಗ್‌ನಂಥ ರಣಭೂಮಿಗಳನ್ನೂ ಸ್ಮಾರಕಗಳನ್ನೂ ಈ ಸಂಸ್ಥೆಗೆ ಒಪ್ಪಿಸಿದರು. ಜಾಗಗಳು ಕೈ ಬದಲಾದಂತೆ ರೇಂಜರನ ಚಪ್ಪಟೆ ಅಂಚಿನ ಟೋಪಿಯೂ ಹುದ್ದೆಯ ಹೆಸರೂ ಅಲ್ಲಿಗೆ ಹೋದವು. ಕಾಯಲು ಅಲ್ಲಿ ಜಿಂಕೆ ಇರಲಿಲ್ಲ, ಕಥೆ ಇತ್ತು. ಹೀಗಾಗಿ ರೇಂಜರ್ ಎಂದರೆ ಕಥೆ ಹೇಳುವವ ಎಂದೂ ಆಯಿತು.

ಮಕ್ಕಳಿಗೆ ಹೇಳುವುದೆಂದರೆ ದೊಡ್ಡವರ ಮಾತಿಗೆ ನೀರು ಬೆರೆಸುವುದಲ್ಲ, ಅದರ ದಾರಿಯೇ ಬೇರೆ ಎಂದು ಅಮೆರಿಕದ ಲೇಖಕ ಫ್ರೀಮನ್ ಟಿಲ್ಡನ್ 1957ರಲ್ಲೇ ಬರೆದಿದ್ದ. ಜೂನಿಯರ್ ರೇಂಜರ್ ಪುಸ್ತಿಕೆ ಆ ದಾರಿಯದು: ಹುಡುಕು, ಗಮನಿಸು, ಚಿತ್ರ ಬರೆ, ಕೇಳು. ರೇಂಜರ್ ಉತ್ತರಗಳನ್ನು ನೋಡಿ, ಕೈ ಎತ್ತಿಸಿ ಪ್ರತಿಜ್ಞೆ ಹೇಳಿಸಿ, ಬ್ಯಾಡ್ಜ್ ಕೊಡುತ್ತಾರೆ. ಬ್ಯಾಡ್ಜಿನ ಆಸೆಗೆ ಪುಟ ತುಂಬಿಸಿ ಓಡುವ ಮಕ್ಕಳೂ ಇರುತ್ತಾರೆ, ಇರಲಿ ಬಿಡಿ.

ಕ್ಯಾಲಿಫೋರ್ನಿಯಾದ ಮ್ಯಾಂಜನಾರ್‌ನಲ್ಲೂ ಈ ಬ್ಯಾಡ್ಜ್ ಸಿಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ಜಪಾನಿ ಮೂಲದ ಸಾವಿರಾರು ಅಮೆರಿಕನ್ನರನ್ನು, ಮಕ್ಕಳನ್ನೂ ಸೇರಿಸಿ, ಸರ್ಕಾರವೇ ಅಲ್ಲಿ ಮುಳ್ಳುತಂತಿಯೊಳಗೆ ಇಟ್ಟಿತ್ತು. ಕಾವಲು ಗೋಪುರಗಳಿದ್ದವು, ಬಂದೂಕುಗಳೂ ಇದ್ದವು. ಸರ್ಕಾರ ಕ್ಷಮೆ ಕೇಳಿದ್ದು 1988ರಲ್ಲಿ, ಜಾಗ ರಾಷ್ಟ್ರೀಯ ಐತಿಹಾಸಿಕ ತಾಣವಾದದ್ದು 1992ರಲ್ಲಿ. ಒಡೆಯನ ಸೊತ್ತನ್ನು ಒಳಕ್ಕಟ್ಟಲು ಹುಟ್ಟಿದ ಹುದ್ದೆಯವರು, ಒಡೆಯನೇ ತಪ್ಪು ಮಾಡಿದ್ದ ಎಂದು ಇಲ್ಲಿ ಮಕ್ಕಳಿಗೆ ಹೇಳಬೇಕು. ಸಂಬಳ ಕೊಡುವುದು ಅದೇ ಸರ್ಕಾರ.