ಕಲ್ಲಚ್ಚಿನಿಂದ ಮೊಬೈಲಿನವರೆಗೆ: ವರದಿಗಾರನ ಸ್ವಯಂತಿದ್ದುಪಡಿ

ವರದಿಯನ್ನು ಡೆಸ್ಕಿಗೆ ಕಳಿಸುವ ಮೊದಲು ವರದಿಗಾರ ತಾನೇ ತಿದ್ದಿಕೊಳ್ಳಬೇಕು ಅನ್ನುವುದು ಪತ್ರಿಕೋದ್ಯಮದ ಮೊದಲ ಪಾಠ. ಕಾಸರಗೋಡಿನಂಥ ಗಡಿಯಲ್ಲಿ ಇದು ಬರೀ ಕಾಗುಣಿತದ ವಿಷಯ ಅಲ್ಲ, ಭಾಷೆ ಉಳಿಯುವ ವಿಷಯ ಅಂತ ನನ್ನ ವಾದ.

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಬಂತು. ಸಂಪಾದಕರು ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್. ಆಗ ಮಂಗಳೂರು, ಕಾಸರಗೋಡು ಎರಡೂ ಮದ್ರಾಸ್ ಪ್ರಾಂತ್ಯದ ಕೆನರಾ ಜಿಲ್ಲೆಯಲ್ಲೇ ಇದ್ದವು. ಪತ್ರಿಕೆ ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಜಿಡ್ಡುಮಸಿಯ ಬರಹ ಕಲ್ಲಿಗೆ ಇಳಿದ ಮೇಲೆ ಒಂದಕ್ಷರ ತಿದ್ದಬೇಕಾದರೂ ಕಲ್ಲನ್ನೇ ಕೆರೆಯಬೇಕು. ಹಾಗಾಗಿ ತಿದ್ದುವ ಕೆಲಸ ಕಾಗದದ ಮೇಲೆಯೇ ಮುಗಿದರೆ ಒಳ್ಳೆಯದಿತ್ತು. ಮುಂದೆ ಮೊಳೆಯಚ್ಚು ಬಂತು. ಮೊಳೆ ಜೋಡಿಸುವವರು, ಕರಡು ತಿದ್ದುವವರು, ಉಪಸಂಪಾದಕರು ಅಂತ ನಡುವೆ ಹಲವು ಕಣ್ಣುಗಳು ಸೇರಿದವು. ಈಗ ವರದಿ ಮೊಬೈಲಿನಿಂದಲೇ ಹೋಗ್ತದೆ, ಕೆಲವೊಮ್ಮೆ ನೇರ ಪುಟಕ್ಕೇ. ವರದಿಗಾರ ಮತ್ತೆ ಕಲ್ಲಿನ ಮುಂದೆ ಕೂತ ಹಾಗಾಗಿದೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಇಲ್ಲಿನ ಕನ್ನಡ ವರದಿಗಾರನ ಕೈಗೆ ಸರ್ಕಾರಿ ಪ್ರಕಟಣೆ ಹೆಚ್ಚಾಗಿ ಮಲಯಾಳದಲ್ಲಿ ಬರ್ತದೆ. ಕಷ್ಟ ಇರುವುದು ಒಂದೇ ಥರ ಕಾಣುವ ಪದಗಳಲ್ಲಿ. ಮಲಯಾಳದ 'ಅಪೇಕ್ಷ' ಅಂದ್ರೆ ಅರ್ಜಿ. 'ಅವಸರಂ' ಅಂದ್ರೆ ಅವಕಾಶ. 'ಪ್ರಸಂಗಂ' ಅಂದ್ರೆ ಭಾಷಣ. ಪತ್ರಿಕೆಯೊಂದರಲ್ಲಿ ತರಬೇತಿಗಿದ್ದಾಗ ನಾನು 'ಸಚಿವರ ಪ್ರಸಂಗ' ಅಂತಲೇ ಬರೆದು ಕಳಿಸಿದ್ದೆ. ಹಾಗೇ ಅಚ್ಚಾಯ್ತು. ಮಾರನೇ ದಿನ ಊರಿನ ಹಿರಿಯರೊಬ್ಬರು, "ಯಾವ ಮೇಳದ್ದು ಮಾರಾಯ, ಭಾಗವತಿಕೆ ಯಾರದ್ದು?" ಅಂತ ಕೇಳಿದ್ರು. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಪ್ರಸಂಗ ಅಂದ್ರೆ ಯಕ್ಷಗಾನವೇ ಅಲ್ವಾ!

ಅದು ನಗುವ ತಪ್ಪು. ಎಲ್ಲವೂ ಹಾಗಲ್ಲ. ಕನ್ನಡ ಮಾತ್ರ ಓದಬಲ್ಲ ಅಜ್ಜಿಗೆ ಪಿಂಚಣಿ ಅರ್ಜಿಯ ಕೊನೆಯ ದಿನ ತಿಳಿಯುವುದು ನಮ್ಮ ವರದಿಯಿಂದ. ಅಲ್ಲಿ 'ಅಪೇಕ್ಷೆ' ಅಂತ ಬರೆದರೆ ಅವರಿಗೆ ಏನು ಅರ್ಥ ಆದೀತು? ಊರ ಹೆಸರಿನದ್ದೂ ಇದೇ ಕಥೆ. ಮಂಜೇಶ್ವರ 'ಮಂಜೇಶ್ವರಂ' ಆಗಲಿಕ್ಕೆ ಯಾರ ಆದೇಶವೂ ಬೇಡ. ನಾವು ಓದದೆ ಕಳಿಸಿದ್ರೆ ಸಾಕು.

ಈಗ ನಾನು ಮೂರು ಸಲ ಓದ್ತೇನೆ. ಮೊದಲು ಹೆಸರು, ತಾರೀಕು, ಅಂಕಿಗಳನ್ನು ಮೂಲ ಪ್ರಕಟಣೆಯ ಪಕ್ಕ ಇಟ್ಟು. ಆಮೇಲೆ ಆ ಪ್ರಕಟಣೆಯನ್ನು ಮುಚ್ಚಿಟ್ಟು, ಮಲಯಾಳ ಗೊತ್ತಿಲ್ಲದವರಿಗೆ ತಿಳಿಯುತ್ತದಾ ಅಂತ. ಕೊನೆಗೆ ಗಟ್ಟಿಯಾಗಿ, ನಾಲಗೆ ತಡವರಿಸಿದಲ್ಲಿ ವಾಕ್ಯವನ್ನು ಎರಡು ಮಾಡ್ತೇನೆ. ಹತ್ತು ನಿಮಿಷದ ಕೆಲಸ. ಗಡಿಯ ಕನ್ನಡದ ಬಗ್ಗೆ ನಾವು ದೊಡ್ಡ ಮಾತು ಆಡುವಾಗ ಈ ಹತ್ತು ನಿಮಿಷವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.