ಎರಿ ಮಣ್ಣಿನ ಮ್ಯಾಲೆ ಹಸಿರು ಚಾಪೆ

ಈ ಸಲ ಕಡ್ಲಿ ರಾಶಿ ಲೆಕ್ಕ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರಕ್ಕಿರಲಿ, ನಡುವೆ ಬ್ಯಾರೆ ವಿಷಯ ಬಂದೈತಿ.

ಹುಬ್ಬಳ್ಳಿ-ವಿಜಯಪುರ ರಸ್ತೆಗೆ ಹತ್ತಿದ ನಮ್ಮ 20 ಗುಂಟೆ ಎರಿ ಹೊಲವನ್ನು ಬಾಕ್ಸ್ ಕ್ರಿಕೆಟ್ ಟರ್ಫ್ ಮಾಡಾಕ ಹತ್ತು ವರ್ಷ ಲೀಜಿಗೆ ಕೇಳ್ಯಾರ. ತಮ್ಮನ ಮಗ, "ದೊಡ್ಡಪ್ಪಾ, ಆ 20 ಗುಂಟೆದಾಗ ಹೆಸರು, ಕಡ್ಲಿ ಬೆಳದು ವರ್ಷಕ್ಕ ಎಷ್ಟು ಉಳಿತೈತಿ, ನೀನ ಹೇಳು" ಅಂದ. ಅದಕ್ಕ ನನ್ನ ಹತ್ರ ಉತ್ತರ ಇರಲಿಲ್ಲ. ಆದರ ಈ ಪ್ಲಾಸ್ಟಿಕ್ ಹುಲ್ಲು ಎಲ್ಲಿಂದ ಬಂತು, ನಮ್ಮ ಎರಿ ಮ್ಯಾಲೆ ಹೆಂಗ ನಿಲ್ಲತೈತಿ ಅಂತ ಓದಿ, ಕೇಳಿ ತಿಳಕೊಂಡೆ. ನಾಳೆ ನಿಮ್ಮ ಹೊಲಕ್ಕೂ ಕೇಳಕೊಂತ ಬರಬಹುದು, ಅದಕ್ಕ ಬರೀತೀನಿ.

ಇದರ ಹೆಸರು ದೊಡ್ಡದಾಗಿದ್ದು ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ಊರಾಗ. ಆ ಊರಿನ ಮಣ್ಣೂ ನಮ್ಮ ಎರಿಯ ಬಳಗದ್ದೇ. ಹಸಿ ಇದ್ದಾಗ ಅಂಟು, ಒಣಗಿದರ ಬಿರುಕು. ಅಲ್ಲಿಯವರು ಅದನ್ನು ಗಂಬೊ ಅಂತಾರ. 1965ರಲ್ಲಿ ಅಲ್ಲಿ ಆಸ್ಟ್ರೋಡೋಮ್ ಅಂತ ಪೂರ್ತಿ ಚಾವಣಿ ಇರುವ ಬೇಸ್‌ಬಾಲ್ ಮೈದಾನ ತೆರೆದರು. ಮೊದಲು ಹಾಕಿದ್ದು ಖರೇ ಹುಲ್ಲು, ಬಿಸಿಲು ಬರಲಿ ಅಂತ ಚಾವಣಿಗೆ ಪಾರದರ್ಶಕ ಹಲಗೆ. ಆ ಝಳಕ್ಕೆ ಮೇಲೆ ಹೋದ ಚೆಂಡು ಆಟಗಾರರಿಗೆ ಕಾಣಲಿಲ್ಲ. ಹಲಗೆಗೆ ಬಣ್ಣ ಬಳಿದರು. ಬಿಸಿಲು ನಿಂತಿತು, ಹುಲ್ಲು ಸತ್ತಿತು. ಉಳಿದ ಆಟಗಳನ್ನು ಸತ್ತ ಹುಲ್ಲಿಗೆ, ಮಣ್ಣಿಗೆ ಹಸಿರು ಬಣ್ಣ ಹೊಡೆದು ಆಡಿಸಿದರಂತೆ! ಒಕ್ಕಲಿಗ ಒಬ್ಬನನ್ನ ಕೇಳಿದ್ದರ ಮೊದಲೇ ಹೇಳ್ತಿದ್ದ.

1966ರಲ್ಲಿ ಮಾನ್ಸ್ಯಾಂಟೊ ಕಂಪನಿಯ ನೈಲಾನ್ ಹುಲ್ಲು ಹಾಸಿದರು. ಹೌದು, ನಾವು ಬೀಜ, ಕಳೆನಾಶಕದಾಗ ಹೆಸರು ಕೇಳಿದ ಅದೇ ಮಾನ್ಸ್ಯಾಂಟೊ. ಅದಕ್ಕೂ ಮುಂಚೆ, 1964ರಲ್ಲಿ, ಅದೇ ಹುಲ್ಲನ್ನು ಪ್ರಾವಿಡೆನ್ಸ್ ಊರಿನ ಒಂದು ಶಾಲೆಯಲ್ಲಿ ಕೆಮ್‌ಗ್ರಾಸ್ ಹೆಸರಲ್ಲಿ ಹಾಸಿದ್ದರು. ಡೋಮ್ ಹೆಸರು ಸೇರಿ ಅದು ಆಸ್ಟ್ರೋಟರ್ಫ್ ಆಯಿತು.

ನಮ್ಮ ದೇಶಕ್ಕ ಇದರ ಪೆಟ್ಟು ಬಿದ್ದಿದ್ದು 1976ರಲ್ಲಿ. ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹಾಕಿ ಪ್ಲಾಸ್ಟಿಕ್ ಹುಲ್ಲಿನ ಮ್ಯಾಲೆ ನಡೆಯಿತು. ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆದ್ದ ಭಾರತ ಏಳನೇ ಸ್ಥಾನಕ್ಕಿಳಿಯಿತು. ಕೊಡಗಿನ ಬಿ.ಪಿ. ಗೋವಿಂದ ಎರಡೂ ತಂಡದಾಗ ಇದ್ದರು.

ಅದೇ 1976ರ ಜೂನ್ 15ರಂದು ಹ್ಯೂಸ್ಟನ್‌ನಾಗ ಇನ್ನೊಂದು ನಡೀತು. ಭಾರೀ ಮಳಿ. ಡೋಮ್ ಒಳಗ ಚಾಪೆ ಒಣಗಿದ್ದು ಒಣಗಿದಂಗ, ಆದರ ಊರಿನ ರಸ್ತೆ ಮುಳುಗಿ ಜನ ಮೈದಾನ ಮುಟ್ಟಲಿಲ್ಲ. ಚಾವಣಿ ಇದ್ದ ಮೈದಾನದಾಗ ಮಳಿಗಾಗಿ ಆಟ ರದ್ದು! ಚಾಪೆಗೆ ನೀರು ತಾಗದಂಗ ನೋಡಕೋಬಹುದು, ಸುತ್ತಲಿನ ನೀರು ಎಲ್ಲಿಗೆ ಹೋಗಬೇಕು ಅನ್ನೋದು ಬ್ಯಾರೆ ಪ್ರಶ್ನೆ. ನನ್ನ ತಲೆಯಾಗ ಕುಂತಿದ್ದು ಇದೇ.

ಈಗಿನ ಟರ್ಫ್ ನೈಲಾನ್ ಅಲ್ಲ, ಉದ್ದ ಎಳೆಯ ಪ್ಲಾಸ್ಟಿಕ್, ನಡುವೆ ಉಸುಕು, ರಬ್ಬರ್ ಕಾಳು. ತಳದಾಗ ತೂತು ಇರತಾವ, ನೀರು ಇಳೀತೈತಿ. ಇಳಿದು ಎಲ್ಲಿಗೆ? ಮಸಾರಿ ಆದರ ಕುಡೀತೈತಿ. ಎರಿ ಮೊದಲು ಸ್ವಲ್ಪ ಕುಡಿದು ಉಬ್ಬಿ ಬಾಯಿ ಮುಚ್ಚತೈತಿ. ಅಗೆದು ಜಲ್ಲಿ ತುಂಬಿದ ಜಾಗ ಬೋಗುಣಿ ಆಗತೈತಿ. ಬ್ಯಾಸಗಿಗೆ ಅಂಚಿನಿಂದ ಒಣಗಿ ಬಿರಿದಾಗ ಚಾಪೆ ಅಲೆ ಅಲೆ. ಇಂಥದೊಂದು ಟರ್ಫ್ ಎರಡನೇ ಬ್ಯಾಸಗಿಗೇ ಹಂಗಾಗಿದ್ದನ್ನ ಕಣ್ಣಾರೆ ನೋಡೀನಿ, ಊರು ಬ್ಯಾಡ.

ಎರಿಯ ಈ ಹಟಕ್ಕೆ ಮದ್ದು ಹುಡುಕಿದ್ದರಾಗ ನಮ್ಮ ಭಾಗದ ಪಾಲೂ ಐತಿ. ಎರಿ ಭೂಮಿಯಲ್ಲಿ ಕಾಲುವೆ ಲೈನಿಂಗ್ ಉಬ್ಬಿ ಒಡೆಯುವ ಸಮಸ್ಯೆ ಮೇಲೆ ಮುಂಬೈ ಐಐಟಿಯ ಪ್ರೊ. ಆರ್.ಕೆ. ಕಟ್ಟಿ 1970ರ ದಶಕದಲ್ಲಿ ಕೆಲಸ ಮಾಡಿದರು. ಎರಿ ಮತ್ತು ಲೈನಿಂಗ್ ನಡುವೆ ಉಬ್ಬದ, ಆದರೆ ಅಂಟು ಇರುವ ಮಣ್ಣನ್ನು ದಮ್ಮಸು ಮಾಡಿ ಹಾಕಿದರೆ ಎರಿ ಅದನ್ನು ಎತ್ತುವುದಿಲ್ಲ ಅಂತ ತೋರಿಸಿದರು. ನಮ್ಮ ಮಲಪ್ರಭಾ ಕಾಲುವೆಗಳಲ್ಲಿ ಅದನ್ನು ಬಳಸಿದರು. ಉಬ್ಬು ಪೂರ್ತಿ ತಡೀಬೇಕಂದರ ಆ ಪದರ ಸುಮಾರು ಒಂದು ಮೀಟರ್ ಬೇಕು.

ನಮ್ಮ ಹೊಲ ನೋಡಾಕ ಬಂದವರು ಹೇಳಿದ್ದು ಒಂದು ಅಡಿ ಅಗೆತ, ಅರ್ಧ ಅಡಿ ಗರಸು, ಮ್ಯಾಲೆ ಜಲ್ಲಿ. ಚಾಪೆ ಅಂದರ ಕಾಂಕ್ರೀಟ್ ಅಲ್ಲ, ಸ್ವಲ್ಪ ಏರಿಳಿತ ತಡಕೊಂತೈತಿ, ಒಪ್ಪೋಣ. ಆದರ ಜಲ್ಲಿ ಎರಿಯಾಗ ಹೂಳದಂಗ ನಡುವೆ ಜಿಯೋ ಬಟ್ಟೆ, ನೂರು ಅಡಿಗೆ ಒಂದು ಅಡಿ ಇಳಿಜಾರು, ಅಂಚಿಗೆ ತೂತಿನ ಪೈಪು ಇವು ಬೇಕೇ ಬೇಕು. ಬಲೆ ಕಟ್ಟೋ ಕಂಬಕ್ಕೂ ಮೊಳಕಾಲುದ್ದ ಗುಂಡಿ ಸಾಲದು. ಎರಿಗಂತಲೇ ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆಯವರು ತಳದಾಗ ಗಡ್ಡಿ ಹಂಗ ಉಬ್ಬಿದ ಪೈಲ್ ಮಾಡಿ ಎಷ್ಟೋ ದಶಕ ಆತು.

ಇನ್ನು ನಮ್ಮ ಲೆಕ್ಕ. 20 ಗುಂಟೆ ಮ್ಯಾಲೆ ಒಂದು ಇಂಚು ಮಳಿ ಬಿದ್ದರ ಸುಮಾರು 50 ಸಾವಿರ ಲೀಟರ್ ನೀರು. ಇಷ್ಟು ದಿನ ಅದರಾಗ ಬಹಳಷ್ಟನ್ನ ಬಿರುಕು ಕುಡೀತಿತ್ತು. ಇನ್ನು ಮ್ಯಾಲೆ ಪೈಪಿನಿಂದ ಕೆಳಗಿನವರ ಕಡ್ಲಿಗೆ ಹೋಗತೈತಿ. ಒಂದು ಅಡಿ ಮಣ್ಣು ತೆಗೆದರ 600 ಘನ ಮೀಟರ್ ಮ್ಯಾಲೆ, ಅಂದರ ಟ್ರ್ಯಾಕ್ಟರ್ ಟ್ರೇಲಿಗೆ 200 ಟ್ರಿಪ್. ಕರಾರು ಪತ್ರದಾಗ "ಅಗೆದ ಮಣ್ಣು ಗುತ್ತಿಗೆದಾರರದ್ದು" ಅಂತ ಒಂದೇ ಸಾಲು ಇತ್ತು. ನಮ್ಮ ಮುತ್ಯಾನ ಕಾಲದಿಂದ ಗೊಬ್ಬರ ಹಾಕಿದ ಮೇಲ್ಮಣ್ಣು ಒಂದು ಸಾಲಿನಾಗ ಹೋಗಿಬಿಡತಿತ್ತು. ಹತ್ತು ವರ್ಷದ ಮ್ಯಾಲೆ ಹೊಲ ತಿರುಗಿ ಕೊಡ್ತಾರ ಖರೆ, ಜಲ್ಲಿ ತುಂಬಿದ ಹೊಲದಾಗ ಏನು ಬಿತ್ತೋದು?

ನಾನು ಬ್ಯಾಡ ಅಂದಿಲ್ಲ. ಹುಡುಗನ ಮಾತಿನಾಗೂ ಹುರುಳೈತಿ, ಅವನಿಗೂ ಸಂಸಾರ ಆಗಬೇಕು. ಎನ್‌ಎ ಆಗದ ಹೊರತು ಒಂದು ಬುಟ್ಟಿ ಮಣ್ಣೂ ಎತ್ತಂಗಿಲ್ಲ, ಮಣ್ಣು ನಮ್ಮ ಹಿಂದಿನ ಹೊಲಕ್ಕೇ ಬೀಳಬೇಕು, ನೀರು ರಸ್ತೆ ಗಟಾರಕ್ಕೇ ಹೋಗಬೇಕು, ಅದಕ್ಕ ಅವರೇ ಪರವಾನಗಿ ತರಬೇಕು, ಬಿಡುವಾಗ ಜಲ್ಲಿ ಎತ್ತಬೇಕು. ಇಷ್ಟು ಬರೆದು ಪತ್ರ ವಾಪಸ್ ಕಳಿಸೀನಿ. "ಇಲ್ಲೀತನಕ ಯಾರೂ ಮಣ್ಣು ಕೇಳಿಲ್ಲರೀ ಯಜಮಾನ್ರ" ಅಂದ್ರು ಫೋನಿನಾಗ.

ಸೋಮವಾರ ಅವರ ಎಂಜಿನಿಯರ್ ಬರ್ತಾರಂತ. ಕಡ್ಲಿ ಕಿತ್ತ ಹೊಲ ಬಾಯಿ ಬಿಟಗೊಂಡು ಬಿದ್ದೈತಿ. ಬಿರುಕಿನಾಗ ಇಳಿಸಿ ತೋರಸಾಕ ಒಂದು ಉದ್ದನ ಜ್ವಾಳದ ದಂಟು ತೆಗೆದಿಟ್ಟೀನಿ.