ಬೇತಾಳ ಮತ್ತೆ ನುಗ್ಗೆಮರ ಏರಿತು

ನಮ್ಮ ಆಫೀಸಿನ ತಮಿಳು ಗೆಳೆಯರ ಬಾಯಲ್ಲಿ ಆಗಾಗ ಒಂದು ಮಾತು ಬರುತ್ತೆ. ಸಿಗರೇಟು ಬಿಟ್ಟೆ ಅಂದವನು ಟೀ ಅಂಗಡಿ ಹಿಂದೆ ಹೊಗೆ ಬಿಡ್ತಾ ಸಿಕ್ಕಿಬಿದ್ದರೆ, ಹೋದ ವಾರ ಸರಿ ಮಾಡಿದ ಪ್ರೋಗ್ರಾಂ ಈ ವಾರ ಅದೇ ತಪ್ಪು ತೋರಿಸಿದರೆ, "ವೇದಾಳಂ ಮರುಪಡಿಯುಂ ಮುರುಂಗೈ ಮರಂ ಏರಿಡುಚ್ಚು" ಅಂತಾರೆ. ಬೇತಾಳ ಮತ್ತೆ ನುಗ್ಗೆಮರ ಏರಿತು ಅಂತ ಅರ್ಥ. ಸಂಸ್ಕೃತದ ಕಥೆಯಲ್ಲಿ ಹೆಣ ನೇತಾಡುವುದು ಶಿಂಶಪಾ ಮರದಲ್ಲಿ, ನಮ್ಮ ಬೀಟೆಮರದ ಬಳಗದ್ದು. ತಮಿಳರು ಅದನ್ನು ಸೀದಾ ಮನೆ ಹಿತ್ತಲಿಗೆ ತಂದು ನುಗ್ಗೆಗೆ ನೇತುಹಾಕಿದ್ದಾರೆ. ಸಾಂಬಾರಿಗೂ ಆಯ್ತು, ಬೇತಾಳಕ್ಕೂ ಆಯ್ತು!

ನಾನು ಪುತ್ತೂರು ಕಡೆಯವನು. ಮದರಾಸಿಗೆ ಬಂದದ್ದು 1994ರಲ್ಲಿ, ಊರಿನ ಹೆಸರು ಚೆನ್ನೈ ಆಗುವುದಕ್ಕೆ ಎರಡು ವರ್ಷ ಮೊದಲು. ಶೋಳಿಂಗನಲ್ಲೂರಿನಲ್ಲಿ ಮನೆ ಮಾಡಿ ಈಗ ಎರಡು ದಶಕದ ಮೇಲಾಯ್ತು. ಮಗ ಇಲ್ಲೇ ಹುಟ್ಟಿದವನು. ಕನ್ನಡ ಮಾತಾಡ್ತಾನೆ, ಓದಲಿಕ್ಕೆ ಬರುವುದಿಲ್ಲ. ಇದು ಯಾರ ತಪ್ಪು ಅಂತ ನನ್ನ ಹೆಂಡತಿ ಹತ್ತಿರ ಕೇಳಬೇಡಿ, ಉತ್ತರ ಸಿದ್ಧ ಇದೆ ಅವಳಲ್ಲಿ.

ಅವನು ಪ್ಲಸ್ ಟೂ ಓದುತ್ತಿದ್ದ ವರ್ಷ, ಅಂದರೆ 2023ರಲ್ಲಿ, ರಾತ್ರಿ ಎರಡು ಗಂಟೆಗೆ ನೀರು ಕುಡಿಯಲು ಎದ್ದವನಿಗೆ ಅವನ ಕೋಣೆಯಲ್ಲಿ ಬೆಳಕು ಕಂಡಿತು. ಪರದೆಯ ಮೇಲೆ ಪಾಳುಬಿದ್ದ ಕೋಟೆ, ಬೂದಿಬಣ್ಣದ ಆಕಾಶ, ತುಕ್ಕು ಹಿಡಿದ ಕವಚದೊಳಗೆ ಒಂದು ಒಣಗಿದ ಹೆಣದಂಥ ಮನುಷ್ಯ. ಅವನೇ ಹೀರೋ ಅಂತೆ! ಒಂದು ದೊಡ್ಡ ರಾಕ್ಷಸ ಬಂದು ಗದೆಯಿಂದ ಒಂದೇ ಏಟು ಕೊಟ್ಟಿತು, ಸತ್ತ. ಮತ್ತೆ ಎದ್ದ, ಮತ್ತೆ ಅಲ್ಲಿಗೇ ಓಡಿದ, ಮತ್ತೆ ಸತ್ತ. ನಾನು ಬಾಗಿಲಲ್ಲಿ ನಿಂತಿದ್ದಷ್ಟು ಹೊತ್ತಿನಲ್ಲೇ ಆರು ಸಲ. ಏಳನೇ ಸಲಕ್ಕೆ ನಾನು ಒಳಗೆ ಹೋಗಿ ಪ್ಲಗ್ ಕಿತ್ತೆ. "ಪರೀಕ್ಷೆ ಹತ್ತಿರ ಬಂತು, ಈ ಹೆಣದ ಆಟ ಬೇಕಾ ನಿಂಗೆ?" ಅಂದೆ. ಅವನು ಏನೂ ಹೇಳಲಿಲ್ಲ. ಆಮೇಲೆ ಸುಮಾರು ಮೂರು ವಾರ ಏನೂ ಹೇಳಲಿಲ್ಲ. ಊಟಕ್ಕೆ ಬರ್ತಿದ್ದ, ಉಣ್ತಿದ್ದ, ಹೋಗ್ತಿದ್ದ. ಒಬ್ಬನೇ ಮಗ ಮಾತು ಬಿಟ್ಟರೆ ಮೂರು ಕೋಣೆಯ ಫ್ಲಾಟ್ ಎಷ್ಟು ದೊಡ್ಡದಾಗುತ್ತೆ ಅಂತ ಅವತ್ತು ಗೊತ್ತಾಯ್ತು.

ಆ ಆಟದ ಹೆಸರು ಡಾರ್ಕ್ ಸೋಲ್ಸ್. ಟೋಕಿಯೊದ ಫ್ರಮ್‌ಸಾಫ್ಟ್‌ವೇರ್ ಕಂಪನಿ 2011ರಲ್ಲಿ ತಂದದ್ದು. ಅದನ್ನು ಮಾಡಿದ ಹಿದೆಟಾಕ ಮಿಯಾಜಾಕಿಯ ಕಥೆ ಆಮೇಲೆ ಓದಿದೆ. ಬಡ ಮನೆಯ ಹುಡುಗ. ಲೈಬ್ರರಿಯಿಂದ ಇಂಗ್ಲಿಷಿನ ಮಾಂತ್ರಿಕ ಕಥೆಗಳನ್ನು ತರ್ತಿದ್ದ, ಭಾಷೆ ಪೂರ್ತಿ ಅರ್ಥ ಆಗ್ತಿರಲಿಲ್ಲ. ಅರ್ಥವಾಗದ ಜಾಗವನ್ನೆಲ್ಲ ಚಿತ್ರ ನೋಡಿ ತಾನೇ ಊಹಿಸಿ ತುಂಬಿಸ್ಕೊಳ್ತಿದ್ದನಂತೆ. ದೊಡ್ಡವನಾಗಿ ಮಾಡಿದ ಆಟಗಳಲ್ಲೂ ಕಥೆಯನ್ನು ಪೂರ್ತಿ ಹೇಳದೆ ತೂತು ತೂತಾಗಿ ಬಿಡುವುದಕ್ಕೆ ಅದೇ ಕಾರಣ. ಇದನ್ನು ಓದುವಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಯಾಕೆಂದರೆ ಅಕ್ಷರ ಬರುವ ಮೊದಲೇ ಚಿತ್ರ ನೋಡಿ ಹೆದರಿ, ಹೆದರಿದರೂ ಪುಟ ಮಡಚದೆ ಕೂತ ಇನ್ನೊಬ್ಬ ಹುಡುಗ ನನಗೆ ಗೊತ್ತಿದ್ದ.

ನಿಮಗೂ ಗೊತ್ತಿರಬೇಕು. ಚಂದಮಾಮ!

ಎಡಗೈಯಲ್ಲಿ ಹೆಣವನ್ನು ಹೆಗಲಿಗೆ ಒತ್ತಿ ಹಿಡಿದು ಬಲಗೈಯಲ್ಲಿ ಕತ್ತಿ ಹಿರಿದು ಸ್ಮಶಾನದಲ್ಲಿ ನಡೆಯುವ ರಾಜ. ಸುತ್ತ ತಲೆಬುರುಡೆ, ಹಾವು, ಬೋಳುಮರ. ಶಂಕರ್ ಬಿಡಿಸಿದ ಆ ಚಿತ್ರ ನಮ್ಮ ತಲೆಮಾರಿನ ಕಣ್ಣಿನಿಂದ ಅಳಿಸಿಹೋಗುವುದುಂಟೆ? ಅಮ್ಮ ಸಂಜೆಯ ಮೇಲೆ ಆ ಪುಟ ತೆಗೆಯಲು ಬಿಡ್ತಿರಲಿಲ್ಲ. "ರಾತ್ರಿ ಹೆದರಿ ಕೂಗ್ತಿ ನೀನು, ಹಗಲು ಓದು" ಅಂತ ಪುಸ್ತಕ ಅಕ್ಕಿ ಡಬ್ಬಿಯ ಹಿಂದೆ ಇಡ್ತಿದ್ದಳು. (ಪ್ಲಗ್ ಕೀಳುವ ಗುಣ ಎಲ್ಲಿಂದ ಬಂತು ಅಂತ ಈಗ ಹೊಳೀತು.)

ಮಜಾ ಏನು ಗೊತ್ತಾ? ಪುತ್ತೂರಿನ ನಮ್ಮನೆ ಅಕ್ಕಿ ಡಬ್ಬಿಯ ಹಿಂದಿದ್ದ ಆ ಕತ್ತಲು ತಯಾರಾಗ್ತಿದ್ದದ್ದು ಇದೇ ಮದರಾಸಿನ ವಡಪಳನಿಯಲ್ಲಿ. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಇಬ್ಬರೂ ಸೇರಿ 1947ರ ಜುಲೈಯಲ್ಲಿ ತೆಲುಗು, ತಮಿಳಿನಲ್ಲಿ ಶುರು ಮಾಡಿದರು. ಕನ್ನಡಕ್ಕೆ ಬಂದದ್ದು 1949ರ ಜುಲೈಯಲ್ಲಿ. ಕಥೆಗಳು ಮೊದಲು ತೆಲುಗಿನಲ್ಲಿ ಸಿದ್ಧವಾಗಿ ಆಮೇಲೆ ಉಳಿದ ಭಾಷೆಗಳಿಗೆ ಹೋಗ್ತಿದ್ದವು, ಚಿತ್ರ ಮಾತ್ರ ಎಲ್ಲಕ್ಕೂ ಒಂದೇ. 1952ರಿಂದ 1980ರಲ್ಲಿ ತೀರಿಕೊಳ್ಳುವ ತನಕ ಸಂಪಾದಕತ್ವದ ಭಾರ ಹೊತ್ತವರು ತೆಲುಗಿನ ದೊಡ್ಡ ಲೇಖಕ ಕೊಡವಟಿಗಂಟಿ ಕುಟುಂಬರಾವ್. ದೇವರು ದಿಂಡರಲ್ಲಿ ನಂಬಿಕೆಯಿಲ್ಲದ ಎಡಪಂಥದ ಮನುಷ್ಯ, ತಿಂಗಳು ತಿಂಗಳು ಬೇತಾಳನ ಕೈಯಲ್ಲಿ ಕಥೆ ಹೇಳಿಸ್ತಿದ್ದರು! ಇದೇ ನಾಗಿರೆಡ್ಡಿ-ಚಕ್ರಪಾಣಿ ಜೋಡಿಯ ವಿಜಯಾ ಸಂಸ್ಥೆಯಿಂದ 1951ರಲ್ಲಿ ಪಾತಾಳಭೈರವಿ ಸಿನಿಮಾ ಬಂತು. ಎಸ್.ವಿ. ರಂಗರಾವ್ ಅವರ ನೇಪಾಳದ ಮಾಂತ್ರಿಕ ನೆನಪಿರಬೇಕಲ್ಲ, ಹೀರೋನನ್ನೇ ಬಲಿ ಕೊಡಲು ಗುಹೆಗೆ ಕರೆದುಕೊಂಡು ಹೋಗುವವನು?

ಬೇತಾಳನಿಗಿಂತಲೂ ನನಗೆ ಹುಚ್ಚು ಹಿಡಿಸಿದ್ದು ಧಾರಾವಾಹಿಗಳು. ಅವನ್ನು ಬರೆದವರು ದಾಸರಿ ಸುಬ್ರಹ್ಮಣ್ಯಂ. 1952ರಲ್ಲಿ ಚಂದಮಾಮ ಸೇರಿ ಅರ್ಧ ಶತಮಾನ ಅಲ್ಲೇ ದುಡಿದವರು. ತೋಕಚುಕ್ಕ, ಮಕರದೇವತ, ಮುಗ್ಗುರು ಮಾಂತ್ರಿಕುಲು, ಕಂಚುಕೋಟ, ಜ್ವಾಲಾದ್ವೀಪಂ, ಪಾತಾಳದುರ್ಗಂ, ಶಿಥಿಲಾಲಯಂ, ಭಲ್ಲೂಕ ಮಾಂತ್ರಿಕುಡು... ಇವು ತೆಲುಗು ಹೆಸರುಗಳು. ಇವತ್ತಿನ ಗೇಮ್ ಕಂಪನಿಯವರಿಗೆ ಈ ಪಟ್ಟಿ ಕೊಟ್ಟರೆ ಒಂದಕ್ಷರ ಬದಲಿಸದೆ ಒಂದೊಂದು ಲೆವೆಲ್‌ಗೆ ಇಟ್ಟುಕೊಂಡಾರು. ಮೊಸಳೆ ಮುಖದವರು, ಕರಡಿ ಮುಖದವರು, ಬೆಂಕಿ ಉಗುಳುವ ಬೆಟ್ಟ, ನೆಲದಡಿಯ ಕೋಟೆ. ಇಬ್ಬರು ಹುಡುಗರು ಕತ್ತಿ ಹಿಡಿದು ಕಾಡಿನಿಂದ ಕಾಡಿಗೆ ಹೋಗ್ತಾರೆ, ತಿಂಗಳ ಕೊನೆಯ ಸಾಲಿನಲ್ಲಿ ಸರಿಯಾಗಿ ಬಂಡೆ ಉರುಳುತ್ತೆ. ಮುಂದಿನ ತಿಂಗಳ ತನಕ ನಾವು ಆ ಬಂಡೆಯ ಕೆಳಗೇ ಇರಬೇಕು. ಚಿತ್ರಗಳು "ಚಿತ್ರಾ" ಅಂತ ಸಹಿ ಹಾಕ್ತಿದ್ದ ಟಿ.ವಿ. ರಾಘವನ್ ಅವರದ್ದು. ಧಾರಾವಾಹಿಯ ಮೇಲೆ ದಾಸರಿಯವರ ಹೆಸರು ಇರ್ತಿರಲಿಲ್ಲ. ಲಕ್ಷಾಂತರ ಮಕ್ಕಳನ್ನು ಹೆದರಿಸಿದ ಮನುಷ್ಯ ಯಾರು ಅಂತ ಆ ಮಕ್ಕಳಿಗೆ ಗೊತ್ತಾದದ್ದು ಅವರ ತಲೆ ನರೆತ ಮೇಲೆ, ಇಂಟರ್‌ನೆಟ್ಟಿನಲ್ಲಿ. ಅವರು 2010ರ ಜನವರಿಯಲ್ಲಿ ತೀರಿಕೊಂಡರು.

ಇಲ್ಲಿ ಒಂದು ತಮಾಷೆಯ ಕಾಲಗಣನೆ ಇದೆ. 1954ರಲ್ಲಿ ಅಮೆರಿಕದಲ್ಲಿ ಫ್ರೆಡ್ರಿಕ್ ವರ್ಥಮ್ ಅನ್ನುವ ಮನೋವೈದ್ಯರು ಕಾಮಿಕ್ಸ್ ಓದಿ ಮಕ್ಕಳು ಹಾಳಾಗ್ತಾರೆ ಅಂತ ಪುಸ್ತಕ ಬರೆದು ದೊಡ್ಡ ಗದ್ದಲ ಆಯ್ತು. ಅದೇ ವರ್ಷ ಕಾಮಿಕ್ಸ್ ಪ್ರಕಾಶಕರೇ ತಮಗೆ ತಾವೇ ಒಂದು ಕಟ್ಟಳೆ ಹಾಕಿಕೊಂಡರು. ನಡೆಯುವ ಹೆಣ, ರಕ್ತ ಹೀರುವ ಪಿಶಾಚಿ, ಹೆಣ ತಿನ್ನುವ ಭೂತ ಯಾವುದೂ ಇರಕೂಡದು. ಸುಮಾರು ಅದೇ ಹೊತ್ತಿಗೆ ವಡಪಳನಿಯಲ್ಲಿ ಮಾತಾಡುವ ಹೆಣವನ್ನು ಮಕ್ಕಳ ಪತ್ರಿಕೆಯ ಖಾಯಂ ಅತಿಥಿ ಮಾಡಿ ಕೂರಿಸಿದ್ದರು. ನಮ್ಮ ಅಪ್ಪಂದಿರು ಚಂದಾ ಕಟ್ಟಿ ತರಿಸ್ತಿದ್ದರು. ನಾವ್ಯಾರೂ ಕೆಡಲಿಲ್ಲ. (ಕೆಟ್ಟವರು ಬೇರೆ ಕಾರಣಕ್ಕೆ ಕೆಟ್ಟೆವು.)

ಕತ್ತಲಿನ ಈ ರುಚಿ ನಮಗೆ ಪತ್ರಿಕೆಯಿಂದ ಹತ್ತಿದ್ದೂ ಅಲ್ಲ ಅನ್ನಿ. ಪುತ್ತೂರು, ಕಾಸರಗೋಡು ಕಡೆ ಹುಟ್ಟಿದವರಿಗೆ ಬಣ್ಣದ ವೇಷ ಗೊತ್ತು. ನಡುರಾತ್ರಿ ದಾಟಿ ಕಣ್ಣು ಎಳೆಯುವ ಹೊತ್ತಿಗೆ ನಮ್ಮ ಬೆನ್ನ ಹಿಂದಿನ ಗದ್ದೆಯಿಂದ ಒಂದು ಆರ್ಭಟೆ. ತಿರುಗಿದರೆ ದೊಂದಿಯ ಬೆಂಕಿ, ರಾಳ ಎರಚಿದಾಗ ಭಗ್ ಅಂತ ಮೇಲೇಳುವ ಜ್ವಾಲೆ, ಅದರ ನಡುವೆ ಮುಖದ ತುಂಬ ಬಿಳಿ ಮುಳ್ಳಿನಂಥ ಚಿಟ್ಟಿ ಇಟ್ಟ ರಾಕ್ಷಸ. ಅಕ್ಕಿಹಿಟ್ಟಿನಲ್ಲಿ ಒಂದೊಂದೇ ಚಿಟ್ಟಿ ಇಡಲು ಗಂಟೆಗಟ್ಟಲೆ ಬೇಕು. ಮಹಿಷಾಸುರ ರಂಗಸ್ಥಳಕ್ಕೆ ಸೀದಾ ಬರುವುದಿಲ್ಲ, ಜನರ ನಡುವಿನಿಂದ ಬರ್ತಾನೆ. ನಾನು ಅಜ್ಜನ ಶಾಲಿನೊಳಗೆ ತಲೆ ತೂರಿಸಿ ಒಂದು ಕಣ್ಣು ಮಾತ್ರ ಹೊರಗೆ ಬಿಟ್ಟಿರ್ತಿದ್ದೆ. ಮಗನ ಆಟದಲ್ಲಿ ಬಾಸ್ ಬರುವಾಗ ಮಂಜಿನ ಬಾಗಿಲು ದಾಟಬೇಕು, ಸಂಗೀತ ಬದಲಾಗುತ್ತೆ. ಚೆಂಡೆ ಬದಲಾದ ಹಾಗೆ!

ಇನ್ನೂ ಹಿಂದಕ್ಕೆ ಹೋದರೆ ಗುಣಾಢ್ಯ ಸಿಗ್ತಾನೆ. ಬೇತಾಳನ ಇಪ್ಪತ್ತೈದು ಕಥೆಗಳು ಇವತ್ತು ನಮಗೆ ಸಿಗುವುದು 11ನೇ ಶತಮಾನದ ಕಾಶ್ಮೀರದ ಸೋಮದೇವನ ಕಥಾಸರಿತ್ಸಾಗರದಲ್ಲಿ. ಅಲ್ಲಿ ರಾಜನ ಹೆಸರು ತ್ರಿವಿಕ್ರಮಸೇನ, ಗೋದಾವರಿ ದಂಡೆಯ ಪ್ರತಿಷ್ಠಾನದವನು. ಕನ್ನಡ ಚಂದಮಾಮದ ಛಲ ಬಿಡದ ತ್ರಿವಿಕ್ರಮ ಇವನೇ. ಸೋಮದೇವ ತನ್ನ ಕಥೆಗಳ ಮೂಲ ಗುಣಾಢ್ಯನ ಬೃಹತ್ಕಥೆ ಅನ್ನುತ್ತಾನೆ. ಅದು ಇದ್ದದ್ದು ಪೈಶಾಚಿ ಭಾಷೆಯಲ್ಲಿ. ಸಾತವಾಹನ ರಾಜನ ಆಸ್ಥಾನದಲ್ಲಿದ್ದ ಗುಣಾಢ್ಯ ಒಂದು ಪಂದ್ಯ ಸೋತು ಸಂಸ್ಕೃತ, ಪ್ರಾಕೃತ, ದೇಶಭಾಷೆ ಮೂರನ್ನೂ ಬಿಟ್ಟು ಕಾಡಿಗೆ ಹೋದನಂತೆ. ಪಿಶಾಚಿಗಳ ಭಾಷೆ ಕಲಿತು, ಶಾಯಿ ಸಿಗದೆ ತನ್ನ ರಕ್ತದಲ್ಲಿ ಏಳು ಲಕ್ಷ ಶ್ಲೋಕ ಬರೆದನಂತೆ. ರಾಜ ಅದನ್ನು ಕಸದಂತೆ ಕಂಡ. ಗುಣಾಢ್ಯ ಬೆಂಕಿ ಹಾಕಿ ಒಂದೊಂದೇ ಹಾಳೆಯನ್ನು ಗಟ್ಟಿಯಾಗಿ ಓದಿ ಸುಡತೊಡಗಿದ. ಸುತ್ತ ಮೃಗಗಳು ಮೇವು ಬಿಟ್ಟು ಕಣ್ಣೀರು ಸುರಿಸ್ತಾ ಕೇಳುತ್ತಾ ನಿಂತವು. ಅರಮನೆಗೆ ಬರುವ ಮಾಂಸ ಒಣಗಿದ್ದು ನೋಡಿ ರಾಜ ಕಾರಣ ಹುಡುಕಿ ಓಡಿ ಬರುವಾಗ ಉಳಿದದ್ದು ಒಂದೇ ಲಕ್ಷ. ಇದಕ್ಕಿಂತ ಕಪ್ಪು ಕಥೆಯನ್ನು ಮಿಯಾಜಾಕಿಯೂ ಕಟ್ಟಿಲ್ಲ.

ನಮ್ಮವರಿಗೆ ಹೆಮ್ಮೆಯ ವಿಷಯ ಏನೆಂದರೆ, ಆ ಪಿಶಾಚಿ ಭಾಷೆಯ ಪುಸ್ತಕವನ್ನು ಸಂಸ್ಕೃತಕ್ಕೆ ತಂದವರಲ್ಲಿ ನಮ್ಮ ಗಂಗರ ದೊರೆ ದುರ್ವಿನೀತನೂ ಒಬ್ಬ, 6ನೇ ಶತಮಾನದವನು. ಕೋಲಾರ ಸೀಮೆಯ ಗುಮ್ಮರೆಡ್ಡಿಪುರದ ತಾಮ್ರಶಾಸನ ಅದನ್ನು ವಡ್ಡಕಥೆ ಅಂತ ಕರೆದು ಹೇಳುತ್ತೆ. ಕವಿರಾಜಮಾರ್ಗದಲ್ಲೂ ದುರ್ವಿನೀತನ ಹೆಸರಿದೆ. ಆಮೇಲೆ 1031ರ ಸುಮಾರಿಗೆ ದುರ್ಗಸಿಂಹ ಕನ್ನಡ ಪಂಚತಂತ್ರ ಬರೆಯುವಾಗಲೂ ಗುಣಾಢ್ಯನನ್ನು ನೆನೆಯುತ್ತಾನೆ. ಅವನ ಪುಸ್ತಕವೂ ಹೋಯ್ತು, ದುರ್ವಿನೀತನ ಪುಸ್ತಕವೂ ಹೋಯ್ತು. ಕಥೆ ಮಾತ್ರ ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಹಾರ್ತಾ ಬಂತು.

ಇರಲಿ, ಮಗನ ವಿಷಯಕ್ಕೆ ಬರ್ತೇನೆ. ಆ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂತು. 4ನೇ ತಾರೀಕು ಬೆಳಗ್ಗೆ ನಮ್ಮ ಕೆಳಗಿನ ಪಾರ್ಕಿಂಗ್ ಕೆರೆಯಾಗಿತ್ತು. ಒಂದು ಕಡೆ ಪಳ್ಳಿಕರಣೈ ಜೌಗು, ಇನ್ನೊಂದು ಕಡೆ ಬಕಿಂಗ್‌ಹ್ಯಾಮ್ ಕಾಲುವೆ, ನಡುವೆ ನಾವು. ನೀರು ಹೋಗುವುದೆಲ್ಲಿಗೆ? ಕರೆಂಟಿಲ್ಲ, ಫೋನಿಲ್ಲ, ನಾಲ್ಕು ದಿನ. ಎರಡನೇ ರಾತ್ರಿ ಮೇಣದಬತ್ತಿ ಹುಡುಕಲು ಅಟ್ಟಕ್ಕೆ ಕೈ ಹಾಕಿದಾಗ ಕೈಗೆ ಸಿಕ್ಕಿದ್ದು 1976ರ ಚಂದಮಾಮಗಳ ಬೈಂಡು, ಊರಿಂದ ತಂದದ್ದು. ಮಗ ಪಕ್ಕ ಬಂದು ಕೂತ. ಬೇರೆ ಮಾಡಲಿಕ್ಕೇನಿತ್ತು ಅವನಿಗೂ? ಚಿತ್ರ ನೋಡಿದ. "ಯಾರಪ್ಪ ಇದು?" ಅಂದ. ಮೂರು ವಾರದ ನಂತರ ಮೊದಲ ಮಾತು.

ನಾನು ಗಟ್ಟಿಯಾಗಿ ಓದಿದೆ. ಒಂದು ಮುಗಿದ ಮೇಲೆ ಇನ್ನೊಂದು. ನಾಲ್ಕನೆಯದಕ್ಕೆ ಅವನು ತಡೆದು, "ಅಲ್ಲಪ್ಪ, ಉತ್ತರ ಹೇಳಿದ್ರೆ ಹೆಣ ಹಾರಿ ಹೋಗ್ತದೆ, ಹೇಳದಿದ್ರೆ ತಲೆ ಒಡೀತದೆ. ಮತ್ತೆ ಮೊದಲಿಂದ ಹೋಗ್ಬೇಕು. ಆದ್ರೂ ಅವನು ಪ್ರತಿ ಸಲ ಹೋಗ್ತಾನೆ, ಬೈಯೋದೂ ಇಲ್ಲ. ನೀನು ಪ್ಲಗ್ ತೆಗ್ದದ್ದು ಇದೇ ಆಟದ್ದು" ಅಂದ. ಆಮೇಲೆ ತನ್ನ ಆಟದ ನಿಯಮ ವಿವರಿಸಿದ. ಸತ್ತರೆ ಅದುವರೆಗೆ ಗಳಿಸಿದ್ದೆಲ್ಲ ಸತ್ತ ಜಾಗದಲ್ಲೇ ಬಿದ್ದಿರುತ್ತಂತೆ. ಅಲ್ಲಿಗೇ ವಾಪಸ್ಸು ಹೋಗಿ ಎತ್ತಿಕೊಳ್ಳಬೇಕು. ದಾರಿಯಲ್ಲಿ ಮತ್ತೆ ಸತ್ತರೆ ಪೂರ್ತಿ ಹೋಯ್ತು. ಸುಧಾರಿಸಿಕೊಳ್ಳಲು ಬೆಂಕಿಯ ಹತ್ತಿರ ಕೂತರೆ ಕೊಂದ ಶತ್ರುಗಳೂ ಮತ್ತೆ ಎದ್ದು ನಿಲ್ತಾರೆ. "ಅದ್ರಲ್ಲಿ ಏನು ಖುಷಿ ಮಾರಾಯ?" ಅಂತ ಕೇಳಿದೆ. "ಯಾರೂ ಸುಳ್ಳು ಧೈರ್ಯ ಹೇಳೋದಿಲ್ಲ ಅಲ್ಲಿ. ಸ್ಕೂಲಲ್ಲಿ ಎಲ್ರೂ ನೀನು ಮಾಡ್ತಿ, ನೀನು ಮಾಡ್ತಿ ಅಂತಾರೆ. ಇಲ್ಲಿ ನೀನು ಸಾಯ್ತಿ ಅಂತ ಮೊದಲೇ ಹೇಳ್ತಾರೆ. ಸತ್ತಾಗ ತಪ್ಪು ನಂದೇ ಅಂತ ಗೊತ್ತಾಗ್ತದೆ" ಅಂದ. ಹದಿನೇಳು ವರ್ಷದ ಹುಡುಗನ ತಲೆಯಲ್ಲಿ ಪರೀಕ್ಷೆ ಇಷ್ಟು ಭಾರವಾಗಿ ಕೂತಿದೆ ಅಂತ ನನಗೆ ಹೊಳೆದೇ ಇರಲಿಲ್ಲ.

ಆ ರಾತ್ರಿ ಅವನಿಗೆ ಮೂಲ ಕಥೆಯ ಕೊನೆಯ ಒಗಟೂ ಹೇಳಿದೆ. ಅಪ್ಪ ಮಗಳನ್ನು, ಮಗ ತಾಯಿಯನ್ನು ಮದುವೆಯಾಗ್ತಾರೆ. ಅವರಿಗೆ ಹುಟ್ಟಿದ ಮಕ್ಕಳು ಒಬ್ಬರಿಗೊಬ್ಬರು ಏನಾಗಬೇಕು? ತ್ರಿವಿಕ್ರಮನಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದ ಸುಮ್ಮನೆ ನಡೀತಾನೆ, ಅದರಿಂದಲೇ ಗೆಲ್ತಾನೆ. ಆಮೇಲೆ ಬೇತಾಳನೇ, ಹೆಣ ತರಿಸಿದ ಭಿಕ್ಷು ನಿನ್ನನ್ನೇ ಬಲಿ ಕೊಡಲಿದ್ದಾನೆ ಅಂತ ಎಚ್ಚರಿಸಿ ಉಳಿಸುತ್ತಾನೆ. ಹೆದರಿಸಿದವನೇ ಸ್ನೇಹಿತ! ಮಗ ಮೇಣದಬತ್ತಿ ಮುಗಿಯುವ ತನಕ ಆ ನೆಂಟಸ್ತಿಕೆ ಬಿಡಿಸಲು ಕಾಗದದ ಮೇಲೆ ಗೀಟು ಹಾಕಿದ. ಬಿಡಿಸಲಾಗಲಿಲ್ಲ.

ಚಂದಮಾಮವನ್ನು 2007ರಲ್ಲಿ ಮುಂಬೈನ ಒಂದು ಸಾಫ್ಟ್‌ವೇರ್ ಕಂಪನಿ ಕೊಂಡಿತು, 2013ರ ಹೊತ್ತಿಗೆ ಪತ್ರಿಕೆ ನಿಂತೇ ಹೋಯ್ತು. ಶಂಕರ್ 2020ರ ಸೆಪ್ಟೆಂಬರಿನಲ್ಲಿ, ಇದೇ ಊರಿನಲ್ಲಿ, 96ನೇ ವಯಸ್ಸಿಗೆ ತೀರಿಕೊಂಡರು. ಮರುವರ್ಷ ಪದ್ಮಶ್ರೀ ಬಂತು, ತೆಗೆದುಕೊಳ್ಳಲು ಅವರಿರಲಿಲ್ಲ. ಎರಡೂವರೆ ದಶಕ ಒಂದೇ ಊರಿನಲ್ಲಿದ್ದೂ ಒಂದು ಸಲ ಹೋಗಿ ನಮಸ್ಕಾರ ಮಾಡಿ ಬರಲಿಲ್ಲವಲ್ಲ ನಾನು, ಆ ಸಂಕಟ ಹೋಗುವುದಿಲ್ಲ.

ಮಗ ಈಗ ಕೊಯಮತ್ತೂರಿನಲ್ಲಿ ಇಂಜಿನಿಯರಿಂಗ್ ಓದ್ತಿದ್ದಾನೆ. ಹೋಗುವಾಗ ಆ ಬೈಂಡು ಬ್ಯಾಗಿಗೆ ಹಾಕಿಕೊಂಡ, ಓದಲು ಬಾರದಿದ್ದರೂ. ಕಂಪ್ಯೂಟರು ಇಲ್ಲೇ ಬಿಟ್ಟ. ನಾನು ರಾತ್ರಿ ಊಟದ ಮೇಲೆ ಡಾರ್ಕ್ ಸೋಲ್ಸ್ ಹಾಕಿ ಕೂರ್ತೇನೆ. ಶುರುವಿನಲ್ಲೇ ಮುರಿದ ಕತ್ತಿಯ ಹಿಡಿ ಮಾತ್ರ ಕೈಗೆ ಕೊಟ್ಟು ದೊಡ್ಡ ಹೊಟ್ಟೆಯ ಒಂದು ರಾಕ್ಷಸನ ಎದುರಿಗೆ ತಳ್ತಾರೆ. ಹನ್ನೊಂದು ಸಲ ಸತ್ತ ಮೇಲೆ ತಡೆಯಲಾರದೆ ಮಗನಿಗೆ ಫೋನ್ ಮಾಡಿದೆ. ಹೇಗೆ ಕೊಲ್ಲುವುದು ಇದನ್ನು ಅಂತ.

"ಕೊಲ್ಲೋದಲ್ಲಪ್ಪ, ಎಡಗಡೆ ಒಂದು ಬಾಗಿಲಿದೆ ನೋಡು, ಓಡು" ಅಂದ. ಆಮೇಲೆ ನಗುತ್ತಾ, "ಇನ್ನು ಕೇಳ್ಬೇಡ, ನಾನು ಮಾತಾಡಿದ್ರೆ ಬೇತಾಳ ಹಾರಿ ಹೋಗ್ತದೆ" ಅಂತ ಫೋನ್ ಇಟ್ಟ.

ಬಾಗಿಲು ಸಿಕ್ಕಿತು. ಅದರಾಚೆ ಏನಿದೆಯೋ, ನಾಳೆ ರಾತ್ರಿ ನೋಡಬೇಕು.